ಏಳೂವರೆಯ ಸೂಜಿ

ಮಂಗಳಗೌರಮ್ಮನವರಿಗೆ ಸೂಜಿ ಚುಚ್ಚುವ ಅಧಿಕಾರ ಆ ಮನೆಯಲ್ಲಿ ಸೊಸೆ ನಯನಳೊಬ್ಬಳಿಗೇ ಇತ್ತು. ಸಕ್ಕರೆ ಕಾಯಿಲೆ ಮಾತ್ರೆಗೆ ಬಗ್ಗುತ್ತಿಲ್ಲ, ಇನ್ನು ಇನ್ಸುಲಿನ್ ತಗೊಳ್ಳಲೇಬೇಕು ಎಂದು ಡಾಕ್ಟರು ಹೇಳಿದ ದಿನವೇ "ಚುಚ್ಚೋದಾದ್ರೆ ನಮ್ಮ ಸೊಸೆ ಚುಚ್ಚಲಿ, ಕಂಡೋರ ಕೈಲಿ ನಂಗಾಗಾಕಿಲ್ಲ" ಎಂದು ಆಕೆ ಕಡ್ಡಿ ಮುರಿದಂತೆ ಹೇಳಿದ್ದರು. ಸೊಸೆ ನಂಜನಗೂಡಿನದೇ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸ್. ಉಳಿದ ವಿಷಯಕ್ಕೆಲ್ಲ ಅತ್ತೆಗೂ ಸೊಸೆಗೂ ಎಣ್ಣೆ ಸೀಗೇಕಾಯಿ. ಸಾರಿಗೆ ಉಪ್ಪು ಜಾಸ್ತಿಯಾಯಿತು, ಒಣಗಿದ ಬಟ್ಟೆ ತೆಗೆಯಲಿಲ್ಲ, ಮಗುವಿನ ಕೈಗೆ ಮೊಬೈಲು ಕೊಟ್ಟೆ ಎಂದು ದಿನಕ್ಕೊಂದು ತಗಾದೆ. ಸೂಜಿಯ ಹೊತ್ತಿನಲ್ಲಿ ಮಾತ್ರ ಇಬ್ಬರೂ ಬಾಯಿ ಮುಚ್ಚಿಕೊಂಡಿರುತ್ತಿದ್ದರು.

ಅದಕ್ಕೊಂದು ಕ್ರಮವಿತ್ತು. ರಾತ್ರಿ ಪಾಳಿ ಮುಗಿಸಿ ಬಂದ ದಿನವೂ ಬೆಳಗಿನ ಕಸ, ನೀರು, ಕಾಫಿ, ಮಗಳು ಗಾನವಿಯ ಊಟದ ಡಬ್ಬಿ ಎಲ್ಲ ನಯನಳ ಪಾಲು. ಅತ್ತೆ ಸ್ನಾನ ಮಾಡಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆಗೆ ಕೂತರೆ ಅದು ಮುಗಿಯುವ ತನಕ ಒಂದು ಗುಟುಕು ನೀರನ್ನೂ ಬಾಯಿಗೆ ಹಾಕುವವರಲ್ಲ. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಆಕೆ ಅಡುಗೆಮನೆ ಬಾಗಿಲಿಗೆ ಬಂದಾಗ ನಯನ ಹೆಂಚಿನ ಮೇಲೆ ರೊಟ್ಟಿ ಹಾಕಿ, ಕೈ ತೊಳೆದು, ಫ್ರಿಜ್ಜಿನ ಬಾಗಿಲಿನಿಂದ ಇನ್ಸುಲಿನ್ ಪೆನ್ನು ತೆಗೆದು ಚುಚ್ಚುತ್ತಿದ್ದಳು. ಎರಡನೇ ರೊಟ್ಟಿ ಬೇಯುವಷ್ಟರಲ್ಲಿ ಅತ್ತೆ ತಟ್ಟೆಯ ಮುಂದೆ ಕೂತಿರುತ್ತಿದ್ದರು. ನಯನ ಅದಕ್ಕಾಗಿ ಗಡಿಯಾರ ನೋಡಿದವಳೇ ಅಲ್ಲ. ನೋಡಿದ್ದರೆ ಹೆಚ್ಚುಕಡಿಮೆ ಏಳೂವರೆ ಆಗಿರುತ್ತಿತ್ತು.

ಈ ಕ್ರಮ ತಪ್ಪಿದ್ದು ಅವಳ ಓದಿನಿಂದ. ಅವಳಿದ್ದ ನರ್ಸಿಂಗ್ ಹೋಮಿನ ಯಜಮಾನರು ಟಿ. ನರಸೀಪುರದಲ್ಲಿ ಇನ್ನೊಂದು ಆಸ್ಪತ್ರೆ ಕಟ್ಟಿಸುತ್ತಿದ್ದರು. "ಅಲ್ಲಿಗೆ ಆಡಳಿತ ನೋಡ್ಕೊಳ್ಳೋರು ಬೇಕು ಸಿಸ್ಟರ್. ಹೊರಗಿನೋರನ್ನ ತಂದು ಕೂರ್ಸೋದಕ್ಕಿಂತ ನೀವೇ ಆದ್ರೆ ವಾಸಿ. ಆಸ್ಪತ್ರೆ ಆಡಳಿತದ ಕೋರ್ಸು ಮುಗಿಸ್ಕೊಳ್ಳಿ, ಜಾಗ ನಿಮ್ಮದೇ" ಎಂದಿದ್ದರು. ರಾತ್ರಿ ಪಾಳಿ ಮಾಡಿ ಮಾಡಿ ಕಾಲಿನ ನರ ಗಂಟು ಕಟ್ಟಿದ ಹೆಂಗಸಿಗೆ ಕುರ್ಚಿಯ ಆಸೆ ಆಗಬಾರದೇ? ಆಯಿತು. ಊಟಕ್ಕೆ ಕೂತಾಗ ಎಲ್ಲರ ಮುಂದೆ ಹೇಳಿದಳು.

"ಇನ್ನೂ ಓದದಾ?" ಎಂದರು ಮಂಗಳಗೌರಮ್ಮ. "ಮಗ್ಳು ಮೂರನೇ ಕ್ಲಾಸು. ತಾಯಿ ಯಾವ ಕ್ಲಾಸು?"

"ಡ್ಯೂಟಿ ಮಾಡ್ಕೊಂಡೇ ಓದೋದು ಅತ್ತೆ. ಪಾಠ ಮೊಬೈಲಲ್ಲೇ ಬರುತ್ತೆ. ಭಾನುವಾರ ಒಂದಿನ ಮೈಸೂರಿಗೆ ಹೋಗ್ಬೇಕು, ಅಷ್ಟೇ."

"ಓದಿ ಡಾಕ್ಟ್ರಾಗ್ತೀಯಾ?"

"ಡಾಕ್ಟ್ರಲ್ಲ. ಆಸ್ಪತ್ರೆ ನಡೆಸೋದು. ಯಾರು ಯಾವಾಗ ಡ್ಯೂಟಿಗೆ ಬರ್ಬೇಕು, ಔಷಧಿ ಎಷ್ಟು ತರಿಸ್ಬೇಕು, ರೋಗಿಗಳ ದೂರೇನು, ಇದನ್ನೆಲ್ಲ ನೋಡೋದು."

"ಮನೇಲಿರೋ ರೋಗಿ ದೂರು ಯಾರವ್ವ ಕೇಳೋರು?"

ಗಂಡ ಮದನ್ ನಕ್ಕ. ಅವನು ತಾಂಡವಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುವವನು. ಮಾಳಿಗೆಯ ಮೇಲೆ ಇನ್ನೊಂದು ರೂಮು ಹಾಕಿಸಲೆಂದು ತೆಗೆದಿಟ್ಟಿದ್ದ ಹಣದಲ್ಲಿ ಹೆಂಡತಿಯ ಫೀಸು ಕಟ್ಟಲು ಆಗಲೇ ಒಪ್ಪಿದ್ದ. "ಅವ್ವ, ನೈಟ್ ಡ್ಯೂಟಿ ತಪ್ಪುತ್ತೆ ಅವಳಿಗೆ. ಸಂಬಳಾನೂ ಜಾಸ್ತಿ" ಎಂದ.

"ನಾನೇನು ಬ್ಯಾಡ ಅಂದ್ನಾ? ಓದ್ಲಿ. ನಾನು ಯಾರು ಬ್ಯಾಡ ಅನ್ನಕೆ."

ಕೊನೆಗೆ ಮಾವ ಪುಟ್ಟಬಸವಯ್ಯನವರು ತಟ್ಟೆಯಿಂದ ತಲೆ ಎತ್ತದೆ "ಓದ್ಲಿ ಬುಡು" ಎಂದರು. ಅವರು ಟಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು. ಬಸ್ಸು ಎರಡು ನಿಮಿಷ ತಡವಾಗಿ ಬಂದರೆ ತಮ್ಮ ಕಿಟಕಿಯಿಂದಲೇ ಕೂಗಿ ಡ್ರೈವರನ್ನು ಇಳಿಸಿ ಬೈದ ಖ್ಯಾತಿ ಅವರದು. ಅವರು ಬುಡು ಎಂದ ಮೇಲೆ ಆ ಮಾತು ಅಲ್ಲಿಗೆ ಮುಗಿಯಿತು.

ಮಳೆಗಾಲವೆಲ್ಲ ಹೀಗೇ ಕಳೆಯಿತು. ನಯನ ರೊಟ್ಟಿ ತಟ್ಟುತ್ತ ಕಿವಿಗೆ ವೈರು ಸಿಕ್ಕಿಸಿಕೊಂಡು ಪಾಠ ಕೇಳಿದಳು. ಮೈಸೂರಿನಲ್ಲಿ ಪಾಠ ಮಾಡುವ ಮೇಡಂ ಒಬ್ಬರು ಮತ್ತೆ ಮತ್ತೆ ಒಂದೇ ವಿಷಯ ಹೇಳುತ್ತಿದ್ದರು. ಒಬ್ಬ ನರ್ಸು ರಜೆ ಹಾಕಿದರೆ ನಿಂತುಹೋಗುವ ಕೆಲಸ ಆಕೆಯ ಕೆಲಸವೇ ಹೊರತು ಆಸ್ಪತ್ರೆಯ ಕೆಲಸವಲ್ಲ, ಕೆಲಸವನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದೇ ಆಡಳಿತ. ನಯನಳಿಗೆ ಈ ಮಾತು ಬಹಳ ಹಿಡಿಸಿತು.

ದೀಪಾವಳಿ ಮುಗಿದ ಮೇಲೆ ತರಬೇತಿ ಶುರುವಾಯಿತು. ಟಿ. ನರಸೀಪುರದ ಒಂದು ಆಸ್ಪತ್ರೆಯಲ್ಲಿ ಕೆಲವು ವಾರ ವಾರ್ಡು, ಸ್ಟೋರು, ಕ್ಯಾಂಟೀನು ಎಲ್ಲ ಹೇಗೆ ನಡೆಯುತ್ತವೆ ಎಂದು ನೋಡಬೇಕು. ಬೆಳಗಿನ ಬಸ್ಸು ಹಿಡಿಯಲು ಬೆಳಕು ಹರಿಯುವಾಗಲೇ ಮನೆ ಬಿಡಬೇಕು. ಹಾಗಾದರೆ ಅತ್ತೆಯ ಸೂಜಿ?

"ಮಾವ, ನೀವು ಕಲ್ತ್ಕೊಳ್ಳಿ" ಎಂದಳು ನಯನ.

"ನಾನಾ?" ಪುಟ್ಟಬಸವಯ್ಯನವರು ಹೆಂಡತಿಯ ಕಡೆ ನೋಡಿದರು. ಆಕೆ ಮುಖ ತಿರುಗಿಸಿಕೊಂಡರು.

ಕಿತ್ತಳೆ ಹಣ್ಣಿನ ಮೇಲೆ ಪಾಠ ನಡೆಯಿತು. ಕಂಟ್ರೋಲರ್ ಸಾಹೇಬರು ಕನ್ನಡಕ ಏರಿಸಿ, ನಾಲಿಗೆ ಕಚ್ಚಿಕೊಂಡು, ಹಣ್ಣಿಗೆ ಚುಚ್ಚಿ ಚುಚ್ಚಿ ಕಲಿತರು. ಗಾನವಿ ಬಿದ್ದು ಬಿದ್ದು ನಕ್ಕಳು. ಅತ್ತೆಯೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕದ್ದನ್ನು ನಯನ ನೋಡಿದಳು.

"ಬೆಳಿಗ್ಗೆ ಏಳೂವರೆಗೆ ಕೊಡಿ ಮಾವ. ಸಾಯಂಕಾಲದ್ದು ನಾನು ಬಂದು ಕೊಡ್ತೀನಿ. ಕೊಟ್ಟ ಮೇಲೆ ಅತ್ತೆ ತಿಂಡಿ ತಿಂತಾರೆ, ನಿಮಗೆ ಗೊತ್ತಲ್ಲ."

"ಏಳೂವರೆ ಅಂದ್ರೆ ಏಳೂವರೆನೇಯ?"

"ಏಳೂವರೆನೇ. ನಿಮಗೆ ನಾನು ಟೈಮ್ ಹೇಳ್ಕೊಡ್ಬೇಕಾ?"

ಪೂಜೆ ಮುಗಿದ ಮೇಲೆ ಎಂಬ ಮಾತೊಂದು ಅಲ್ಲಿ ಬಿಟ್ಟುಹೋಯಿತು. ಬೇಕೆಂದು ಬಿಟ್ಟದ್ದಲ್ಲ. ಇಷ್ಟು ವರ್ಷ ಏಳೂವರೆಗೆ ಪೂಜೆ ಮುಗಿದೇ ಇರುತ್ತಿತ್ತು, ಆದ್ದರಿಂದ ಅದನ್ನು ಬಾಯಿಬಿಟ್ಟು ಹೇಳಬೇಕೆಂದು ಅವಳಿಗೆ ತೋಚಲಿಲ್ಲ. ಆ ಪೂಜೆ ಹೊತ್ತಿಗೆ ಸರಿಯಾಗಿ ಮುಗಿಯುತ್ತಿದ್ದದ್ದು ಕಸ, ನೀರು, ಕಾಫಿ, ಡಬ್ಬಿಯನ್ನೆಲ್ಲ ತಾನು ನೋಡಿಕೊಳ್ಳುತ್ತಿದ್ದುದರಿಂದ ಎಂಬುದೂ ಹೊಳೆಯಲಿಲ್ಲ. ಈಗ ಆ ಕೆಲಸವೆಲ್ಲ ಅತ್ತೆಯ ತಲೆಯ ಮೇಲೆ ಬಿತ್ತು. ಗಂಡಸರು ಪೊರಕೆ ಮುಟ್ಟುವ ಮನೆ ಅದಲ್ಲ. ಮಗುವನ್ನು ಸ್ಕೂಲಿನ ವ್ಯಾನಿಗೆ ಹತ್ತಿಸಿ ಮಂಗಳಗೌರಮ್ಮ ಸ್ನಾನಕ್ಕೆ ಹೋಗುವ ವೇಳೆಗೆ ಎಂಟು ದಾಟಿರುತ್ತಿತ್ತು. ಸೂಜಿ ಮಾತ್ರ ಏಳೂವರೆಗೆ.

ಮೊದಲ ವಾರವೇ ಮನೆ ಕೆಟ್ಟಿತು. ನಯನ ಸಂಜೆ ಬಸ್ಸಿಳಿದು ಬರುವಾಗ ಪಕ್ಕದ ಮನೆಯ ಕೆಂಪಾಜಮ್ಮ ಗೇಟಿನ ಹತ್ತಿರವೇ ಹಿಡಿದು ನಿಲ್ಲಿಸಿದರು.

"ನಿಮ್ಮತ್ತೆಗೆ ಏನಾಗೈತವ್ವ? ಬೆಳಗ್ಗೆ ಓಗಿ ಒಂದೆಸಳು ಕರಿಬೇವು ಕೇಳ್ದೆ. ಬಾಯಿಗೆ ಬಂದಂಗೆ ಬೈದ್ರು. ಇಪ್ಪತ್ತು ವರ್ಷದಲ್ಲಿ ಒಂದಿನ ನಂಗೆ ಅಂಗಂದೋರಲ್ಲ."

ಒಳಗೆ ಹೋದರೆ ಹಾಲಿನ ಪಾತ್ರೆ ಕೈಜಾರಿ ಬಿದ್ದು ಹಾಲೆಲ್ಲ ಚೆಲ್ಲಿದ ಸುದ್ದಿ. ಕಾಫಿಗೆ ಹಾಲಿಲ್ಲ.

"ಯಾಕತ್ತೆ, ಕೈ ನಡುಗುತ್ತಾ?"

"ನಡುಗ್ತದೆ. ಬೆಳಗ್ಗೆಯಿಂದ ನಿನ್ನ ಚಾಕ್ರಿನೆಲ್ಲ ಮಾಡಿ ನೋಡು, ನಿಂಗೂ ನಡುಗ್ತದೆ."

"ನಾನು ಹತ್ತು ವರ್ಷ ಮಾಡ್ಲಿಲ್ವಾ?"

"ಮಾಡ್ದೆ. ಅದ್ಕೇ ಈಗ ಎದ್ದು ಓಗ್ತಾ ಇದೀಯ."

ನಯನ ಸುಮ್ಮನಾಗಲಿಲ್ಲ, ಮಾತಿಗೆ ಮಾತು ಬೆಳೆಯಿತು. ಆದರೂ ನರ್ಸಲ್ಲವೇ, ರಾತ್ರಿ ಊಟಕ್ಕೆ ಮೊದಲು ಅತ್ತೆಯ ಬೆರಳು ಚುಚ್ಚಿ ಸಕ್ಕರೆ ನೋಡಿದಳು. ಸರಿಯಾಗಿಯೇ ಇತ್ತು, ಸ್ವಲ್ಪ ಜಾಸ್ತಿಯೇ ಅನ್ನಬಹುದು. ಹಾಗಾದರೆ ಇದು ಕಾಯಿಲೆಯದಲ್ಲ, ಸಿಟ್ಟಿನದು ಎಂದು ತೀರ್ಮಾನಿಸಿದಳು. ಬೆಳಗಿನ ಹೊತ್ತು ನೋಡಬೇಕೆಂದು ಅನ್ನಿಸಲೇ ಇಲ್ಲ. ಬೆಳಗಿನ ಹೊತ್ತು ಅವಳು ಆ ಮನೆಯಲ್ಲಿ ಇರುತ್ತಿರಲೂ ಇಲ್ಲ.

ಎರಡನೇ ವಾರ ಗಾನವಿ ಹೇಳಿದಳು: "ಅಮ್ಮ, ಅಜ್ಜಿ ಜಡೆ ಹಾಕ್ತಾ ಹಾಕ್ತಾ ಬಿಟ್ಬಿಟ್ರು. ನನ್ನ ಸುಮಿತ್ರಾ ಅಂತ ಕರೆದ್ರು. ಸುಮಿತ್ರಾ ಯಾರಮ್ಮ?"

ಸುಮಿತ್ರಾ ಅತ್ತೆಯ ತವರು ಬಿಳಿಗೆರೆಯಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡ ಅವರ ತಂಗಿ. ನಯನ ಹೆದರಿ ಗಂಡನಿಗೆ ಹೇಳಿದಳು. ಅವನು ಆ ವಾರ ರಾತ್ರಿ ಪಾಳಿ. ಬೆಳಿಗ್ಗೆ ಬಂದವನೇ ಹೊದ್ದು ಮಲಗಿಬಿಡುತ್ತಿದ್ದ.

"ನಂಗೂ ಯಾಕೋ ಅವ್ವ ಸರಿ ಇಲ್ಲ ಅನ್ನಿಸ್ತದೆ" ಎಂದ ಅವನು. "ಮೊನ್ನೆ ನಾನು ಬಂದಾಗ ಬಾಗ್ಲು ತೆಗೆದು ಯಾರು ಬೇಕು ಅಂದ್ಲು. ಮುಖವೆಲ್ಲ ಬೆವರು. ಒಂದೆರಡು ತಿಂಗಳು ನಿಲ್ಸು ನಯನ, ಆಮೇಲೆ ನೋಡಾಣ."

ಅಷ್ಟು ಹೊತ್ತೂ ನಯನಳ ಎದೆಯಲ್ಲಿದ್ದ ಹೆದರಿಕೆ ಈ ಮಾತು ಕೇಳಿದ್ದೇ ಕೋಪವಾಗಿ ತಿರುಗಿತು. "ಈಗ ಗೊತ್ತಾಯ್ತು. ನಾನು ನಿಲ್ಲಿಸ್ಲಿ ಅಂತಾನೇ ಇದೆಲ್ಲ. ನಾಟಕ ಕಣ್ರೀ ಇದು."

"ಮೆತ್ತಗೆ."

"ಕೇಳಿಸ್ಲಿ. ನಾಟಕ."

ಕೇಳಿಸಿತು. ಮಂಗಳಗೌರಮ್ಮ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಆವತ್ತಿನಿಂದ ಆಕೆ ತಲೆ ಸುತ್ತಿದರೂ ಹೇಳಲಿಲ್ಲ, ಕಣ್ಣು ಕತ್ತಲೆ ಬಂದರೂ ಹೇಳಲಿಲ್ಲ. ಗಂಡ ಕೇಳಿದರೆ "ಏನಿಲ್ಲ, ನಾಟಕ" ಎನ್ನುತ್ತಿದ್ದರು. ಪುಟ್ಟಬಸವಯ್ಯನವರು ಅದನ್ನು ಮುನಿಸೆಂದುಕೊಂಡು, ಮುನಿಸಿಗೆ ತಾವು ಮಾಡುವುದೇನೂ ಇಲ್ಲವೆಂದು ಪೇಪರು ಓದುತ್ತ ಕೂತರು. ತಮ್ಮ ಪಾಲಿನ ಕೆಲಸವನ್ನು ಮಾತ್ರ ಒಂದು ದಿನವೂ ಬಿಡಲಿಲ್ಲ. ಏಳೂ ಇಪ್ಪತ್ತಕ್ಕೆ ಕೈ ತೊಳೆದು, ಪೆನ್ನು ಹಿಡಿದು, ಗಡಿಯಾರದ ಕೆಳಗೆ ನಿಂತಿರುತ್ತಿದ್ದರು. ಮಂಗಳಗೌರಮ್ಮ ಕಸ ಗುಡಿಸುತ್ತಿದ್ದರೆ ಪೊರಕೆ ಹಿಡಿದೇ ನಿಂತು ಚುಚ್ಚಿಸಿಕೊಂಡು ಮತ್ತೆ ಗುಡಿಸುತ್ತಿದ್ದರು.

"ಒಂದೀಟು ಏನಾರ ತಿಂದ್ಬುಡು" ಎಂದು ಒಮ್ಮೆ ಅವರೇ ಅಂದರು.

"ಶಿವನ್ನ ಮುಟ್ದೆ ಅನ್ನ ಮುಟ್ಟಾಳಾ ನಾನು? ಸುಮ್ಕಿರಿ."

ಅವರು ಪೆನ್ನನ್ನು ಫ್ರಿಜ್ಜಿನಲ್ಲಿಟ್ಟು ಬಂದರು. ತಿನ್ನುವ ವಿಷಯ ಹೆಂಡತಿಯದು, ಸೂಜಿಯ ವಿಷಯ ತಮ್ಮದು ಎಂದು ಅವರ ಲೆಕ್ಕ.

ಆ ಭಾನುವಾರ ಮೈಸೂರಿನಲ್ಲಿ ನಯನಳಿಗೆ ಹಬ್ಬವಾಯಿತು. ತಮ್ಮದೇ ಒಂದು ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ ಅದರ ಬಗ್ಗೆ ಬರೆಯಿರಿ ಎಂದು ಮೇಡಂ ಹೇಳಿದ್ದರು. ಎಲ್ಲರೂ ಡ್ಯೂಟಿ ಪಟ್ಟಿ, ಸ್ಟೋರಿನ ಬೀಗದ ಕೈ ಎಂದು ಬರೆದಿದ್ದರೆ ನಯನ ಮಾವನ ಏಳೂವರೆಯ ಸೂಜಿಯ ಬಗ್ಗೆ ಬರೆದಿದ್ದಳು. ಮೇಡಂ ಅದನ್ನು ಎಲ್ಲರೆದುರು ಓದಿಸಿ "ನೋಡಿ, ನರ್ಸಿಂಗ್ ಓದಿಲ್ಲದವರಿಗೂ ಕೆಲಸ ಒಪ್ಪಿಸಬಹುದು, ಒಂದು ದಿನವೂ ತಪ್ಪಿಲ್ಲ" ಎಂದರು. ಚಪ್ಪಾಳೆ ಬಿತ್ತು. ನಯನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಒಬ್ಬಳೇ ನಗುತ್ತ ಬಂದಳು. ಟಿ. ನರಸೀಪುರದ ಹೊಸ ಆಸ್ಪತ್ರೆಯಲ್ಲಿ ತನ್ನ ಮೇಜು ಯಾವ ಗೋಡೆಯ ಕಡೆ ಇರಬೇಕೆಂಬುದೂ ಆಗಲೇ ಗೊತ್ತಾಗಿಬಿಟ್ಟಿತ್ತು.

ಮಾರನೆಯ ದಿನ ಕಾರ್ತಿಕ ಸೋಮವಾರ. ಅತ್ತೆ ಹೊರಗೆ ನೀರು ಹಾಕುತ್ತಿದ್ದಾಗ ನಯನ ಚಪ್ಪಲಿ ಮೆಟ್ಟಿ ಹೊರಟಳು. ಅತ್ತೆ ರಂಗೋಲಿಯ ಒಂದು ಎಳೆಯನ್ನು ಅಳಿಸಿ ಮತ್ತೆ ಎಳೆದು, ಮತ್ತೆ ಅಳಿಸುತ್ತಿದ್ದರು. ದಾರಿಗೆ ಅಡ್ಡವಾಗಿದ್ದರಿಂದ ನಯನ ಪಕ್ಕದಲ್ಲಿ ಸರಿದು ಹೋದಳು.

ಅಂದು ಅವಳಿಗೆ ಗಂಡಸರ ವಾರ್ಡಿನ ಕೆಲಸ. ಕ್ಯಾಂಟೀನಿನಿಂದ ತಿಂಡಿಯ ಗಾಡಿ ರೋಗಿಗಳಿಗೆ ಎಷ್ಟು ತಡವಾಗಿ ಬರುತ್ತಿದೆ, ಏಕೆ ತಡವಾಗುತ್ತಿದೆ ಎಂದು ನೋಡಬೇಕು. ಆ ದಿನ ಗಾಡಿ ಬಹಳವೇ ತಡವಾಯಿತು. ಬಾಗಿಲ ಪಕ್ಕದ ಮಂಚದಲ್ಲಿದ್ದ ಸೋಸಲೆಯ ಮುದುಕರೊಬ್ಬರು ಇದ್ದಕ್ಕಿದ್ದಂತೆ ಹೆಂಡತಿಯ ಮೇಲೆ ಎಗರಾಡತೊಡಗಿದರು. ಆಕೆ ಕೈಹಿಡಿಯಲು ಹೋದರೆ ಲೋಟ ಎತ್ತಿ ಎಸೆದರು. ಮುಖದ ತುಂಬ ಬೆವರು, ಬೆರಳು ಅದುರುತ್ತಿತ್ತು.

"ಇಂಗಾಡೋರಲ್ಲ ಕಣವ್ವ ಇವ್ರು" ಎಂದು ಆ ಹೆಂಗಸು ಅಳುತ್ತ ನಯನಳಿಗೆ ಹೇಳಿತು. "ನಂಗೆ ಯಾವತ್ತೂ ಒಂದು ಮಾತು ಅಂದೋರಲ್ಲ."

ವಾರ್ಡಿನ ಸಿಸ್ಟರ್ ಅವಸರವಿಲ್ಲದೆ ಬಂದರು. "ಇನ್ಸುಲಿನ್ ಆಗಿದೆ, ತಿಂಡಿ ಬಂದಿಲ್ಲ, ಸಕ್ಕರೆ ಇಳಿದಿದೆ" ಎನ್ನುತ್ತ ಲೋಟಕ್ಕೆ ಸಕ್ಕರೆ ಸುರಿದು, ನೀರು ಕದಡಿ ಕುಡಿಸಿದರು. ಸ್ವಲ್ಪ ಹೊತ್ತಿಗೆ ಮುದುಕರು ಕಣ್ಣು ಪಿಳಿಪಿಳಿ ಬಿಟ್ಟು "ನಾನೇನಂದೆ?" ಎಂದು ಹೆಂಡತಿಯನ್ನು ಕೇಳಿದರು.

ಇಂಥದ್ದನ್ನು ನಯನ ಕಂಡಿಲ್ಲವೆಂದಲ್ಲ, ನೂರು ಸಲ ಕಂಡಿದ್ದಾಳೆ. ಇದೇ ರೀತಿ ಸಕ್ಕರೆ ನೀರು ಕದಡಿ ಕುಡಿಸಿದ್ದಾಳೆ. ಅದು ತನ್ನ ಮನೆಯ ಅಡುಗೆಮನೆಯಲ್ಲಿ, ತನಗೇ ಬೈಯುವ ಬಾಯಲ್ಲಿ ಬಂದಾಗ ಮಾತ್ರ ಗುರುತು ಹತ್ತಲಿಲ್ಲ. ಅವಳು ವರಾಂಡಕ್ಕೆ ಓಡಿ ಮಾವನಿಗೆ ಫೋನು ಹಚ್ಚಿದಳು.

"ಮಾವ, ಅತ್ತೆಗೆ ಸೂಜಿ ಕೊಟ್ರಾ?"

"ಆಗ್ಲೇ ಆಯ್ತಲ್ಲವ್ವ. ಏಳೂವರೆಗೆ." ಅವರು ಪಿಸುಗುಟ್ಟುತ್ತಿದ್ದರು.

"ತಿಂಡಿ ತಿಂದ್ರಾ?"

"ಇನ್ನೂ ಪೂಜೆಗೆ ಕೂತವ್ಳೆ."

"ಇಷ್ಟು ಹೊತ್ತಾದ್ರೂನಾ? ದಿನಾ ಹೀಗೇನಾ?"

"ನೀನು ಹೋಗಕ್ಕೆ ಶುರು ಮಾಡ್ದಾಗ್ಲಿಂದ ತಡಾನೆ. ಇವತ್ತು ಸೋಮವಾರ ಬೇರೆ. ಆದ್ರೆ ಇವತ್ತು ಮನಸ್ಸು ನಿಂತದೆ ನೋಡು ಅವಳಿಗೆ. ಬಹಳ ಹೊತ್ತಿಂದ ಗೋಡೆಗೆ ಒರಗಿ, ಕಣ್ಮುಚ್ಕಂಡು, ಒಂಚೂರೂ ಅಲ್ಲಾಡ್ದಂಗೆ ಕೂತವ್ಳೆ. ನಾನು ಟಿವಿನೂ ಆರ್ಸಿದೀನಿ."

"ಮಾವ, ಹೋಗಿ ಅಲ್ಲಾಡಿಸಿ."

"ಪೂಜೆ ಮಧ್ಯ ಮುಟ್ಟಬಾರ್ದು ಕಣವ್ವ. ಕೈಯಲ್ಲಿ ಲಿಂಗ ಅದೆ."

"ಮುಟ್ಟಿ ಮಾವ. ಈಗಲೇ. ಕೆನ್ನೆ ತಟ್ಟಿ."

ಫೋನಿನಲ್ಲಿ ಹೆಜ್ಜೆಯ ಸದ್ದು. "ಗೌರೀ" ಎಂದು ಒಂದು ಸಲ. ಮತ್ತೆ ಇನ್ನೊಂದು ಸಲ, ಗಟ್ಟಿಯಾಗಿ. ಆಮೇಲೆ ಏನೋ ನೆಲಕ್ಕೆ ಜಾರಿದ ಸದ್ದು, ಪುಟ್ಟಬಸವಯ್ಯನವರ ಏದುಸಿರು.

"ಒದ್ದೆಯಾಗವ್ಳೆ ಕಣವ್ವ. ಮೈಯೆಲ್ಲ ಒದ್ದೆ. ಗೊರ ಗೊರ ಅಂತಾವ್ಳೆ."

ಮಗ್ಗುಲಾಗಿ ಮಲಗಿಸಿ, ನೀರು ಕುಡಿಸಬೇಡಿ, ಒಸಡಿಗೆ ಜೇನುತುಪ್ಪ ಸವರಿ, ಮದನನನ್ನು ಎಬ್ಬಿಸಿ, ಕೆಂಪಾಜಮ್ಮನನ್ನು ಕರೆಯಿರಿ, ನಮ್ಮ ನರ್ಸಿಂಗ್ ಹೋಮಿಗೆ ಎತ್ತಿಕೊಂಡು ಹೋಗಿ. ಇದನ್ನೆಲ್ಲ ಅವಳು ಒಂದನ್ನೂ ಬಿಡದೆ, ಸರಿಯಾದ ಕ್ರಮದಲ್ಲಿ ಹೇಳಿದಳು. ಬಸ್ಸು ಸಿಕ್ಕಿತು. ಅದು ಕೈ ಅಡ್ಡ ಹಾಕಿದಲ್ಲೆಲ್ಲ ನಿಂತು ನಿಂತು ಹೋಯಿತು. ನಯನ ಸೀಟಿದ್ದರೂ ಕೂರದೆ ನಂಜನಗೂಡಿನವರೆಗೂ ಕಂಬಿ ಹಿಡಿದು ನಿಂತೇ ಇದ್ದಳು.

ಮಂಗಳಗೌರಮ್ಮ ಸಾಯಲಿಲ್ಲ. ನಂಜನಗೂಡಿನಲ್ಲಿ ಗ್ಲೂಕೋಸು ಏರಿಸಿ ಮೈಸೂರಿಗೆ ಸಾಗಿಸಿದರು. ಅಲ್ಲಿ ಕಣ್ಣು ಬಿಟ್ಟರು. ಆದರೆ ಆ ಕಣ್ಣು ಯಾರ ಮೇಲೂ ನಿಲ್ಲಲಿಲ್ಲ. "ಸಕ್ಕರೆ ತುಂಬ ಹೊತ್ತು ಇಳಿದೇ ಇತ್ತು, ಮಿದುಳಿಗೆ ಪೆಟ್ಟಾಗಿದೆ. ಎಷ್ಟು ವಾಪಸ್ ಬರುತ್ತೋ ಈಗಲೇ ಹೇಳಕ್ಕಾಗಲ್ಲ" ಎಂದರು ಅಲ್ಲಿಯ ಡಾಕ್ಟರು. ಗಾನವಿ ಮಂಚದ ಪಕ್ಕ ನಿಂತು ಅಜ್ಜಿ ಎಂದಳು. ಅಜ್ಜಿ ಸೀಲಿಂಗ್ ಫ್ಯಾನು ನೋಡುತ್ತಿದ್ದರು. ತುಟಿಗೆ ಗಂಜಿ ಇಟ್ಟರೆ ನುಂಗುವುದು ಹೇಗೆಂದೇ ಮರೆತವರಂತೆ ಕಟಬಾಯಿಯಿಂದ ಬಿಟ್ಟುಬಿಡುತ್ತಿದ್ದರು.

ಬಿಳಿಗೆರೆಯಿಂದ ನೆಂಟರು ಬಂದರು. ಸೊಸೆ ಓದಲು ಹೋದದ್ದರಿಂದ ಹೀಗಾಯಿತೆಂದು ವರಾಂಡದಲ್ಲಿ ಅವಳಿಗೆ ಕೇಳುವಂತೆಯೇ ಆಡಿಕೊಂಡರು. ಪುಟ್ಟಬಸವಯ್ಯನವರಿಗೆ ರೇಗಿತು.

"ಅವಳನ್ನ ಯಾಕಂತೀರಿ? ಹಣೆಬರಹ ಇದು. ಅವಳು ಎಲ್ಲಾನೂ ನಂಗೆ ಹೇಳ್ಕೊಟ್ಟೇ ಹೋಗಿದ್ದು. ನಾನೂ ಒಂದಿನ ತಪ್ಪಿಸ್ಲಿಲ್ಲ, ಒಂದು ನಿಮಿಷ ತಡ ಮಾಡ್ಲಿಲ್ಲ. ಬೇಕಾದ್ರೆ ಕೇಳಿ."

ನೆಂಟರು ಮಾತು ಬದಲಿಸಿದರು. ನಯನ ಅಷ್ಟಕ್ಕೇ ಬಿಟ್ಟಿದ್ದರೆ ಹಣೆಬರಹವೆಂಬ ಆ ಮಾತೇ ಉಳಿಯುತ್ತಿತ್ತು. ಮದನನೂ ಅದನ್ನೇ ನಂಬಿದ್ದ. ನರ್ಸಿಂಗ್ ಹೋಮಿನ ಯಜಮಾನರು ಫೋನು ಮಾಡಿ "ತರಬೇತಿ ಬಿಡ್ಬೇಡಿ ಸಿಸ್ಟರ್, ಒಂದು ವಾರ ತಗೊಂಡು ಬನ್ನಿ" ಎಂದಿದ್ದರು. ನಯನ ಮಾವನ ಮುಖ ನೋಡಿದಳು. ಮನುಷ್ಯ ಗಡ್ಡ ಬೋಳಿಸದೆ, ಊಟ ಮಾಡದೆ, ತಾನು ಮಾಡಬೇಕಾದ್ದನ್ನು ಮಾಡಿದೆ ಎಂಬ ಒಂದೇ ಸಮಾಧಾನದ ಮೇಲೆ ಆ ಬೆಂಚಿನಲ್ಲಿ ಕೂತಿದ್ದರು. ಹೇಳಿದರೆ ಅದೂ ಹೋಗುತ್ತದೆ. ಆದರೆ ಅವಳಿಗೆ ತಡೆಯಲಾಗಲಿಲ್ಲ. ನೆಂಟರು ಕಾಫಿಗೆ ಹೋದ ಹೊತ್ತು ನೋಡಿ ಪಕ್ಕದಲ್ಲಿ ಕೂತಳು.

"ಮಾವ, ಏಳೂವರೆಗೆ ಕೊಡೋದಲ್ಲ. ಪೂಜೆ ಮುಗಿದು, ತಿಂಡಿಗೆ ಬಂದ ಮೇಲೆ ಕೊಡ್ಬೇಕಿತ್ತು. ನಾನು ಯಾವಾಗ್ಲೂ ಹಾಗೇ ಕೊಡ್ತಿದ್ದೆ. ಅದನ್ನ ನಿಮಗೆ ಹೇಳ್ಲಿಲ್ಲ."

ಪುಟ್ಟಬಸವಯ್ಯನವರು ವಾರ್ಡಿನ ಬಾಗಿಲ ಕಡೆ ನೋಡಿದರು. ಒಳಗೆ ನರ್ಸೊಬ್ಬಳು ಮಂಗಳಗೌರಮ್ಮನವರ ಮಗ್ಗುಲು ಬದಲಿಸುತ್ತಿದ್ದಳು. ಅವರು ಸೊಸೆಯ ಕಡೆ ತಿರುಗಿದಾಗ ಮುಖದಲ್ಲಿ ಕೋಪವಿರಲಿಲ್ಲ. ಅರ್ಥವಾಗದ ಲೆಕ್ಕವನ್ನು ಮೇಷ್ಟರ ಮುಂದೆ ಹಿಡಿದವರ ಹಾಗೆ ಮೆಲ್ಲಗೆ ಕೇಳಿದರು:

"ಹೇಳಿದ್ದಿದ್ರೆ ಹಂಗೇ ಮಾಡ್ತಿದ್ನಲ್ಲವ್ವ?"